ಗಳಿಸಿದ್ದಕ್ಕಿಂತ ತಡೆದದ್ದೇ ಹೆಚ್ಚು

1993ರ ಜನವರಿಯ ಒಂದು ಸಂಜೆ. ರಾಜ್ಯ ಸರ್ಕಾರ ಒಂದು ವರ್ಷದ ವ್ಯಾಸಂಗಕ್ಕೆಂದು ನನ್ನನ್ನು ಅಮೆರಿಕಕ್ಕೆ ಕಳುಹಿಸಿತ್ತು. ಫಿಲಡೆಲ್ಫಿಯಾ ನಗರದಲ್ಲಿ ಬಿಡಾರ. ಸಹಪಾಠಿಯೊಬ್ಬರು ಬಲವಂತ ಮಾಡಿ ಸ್ಪೆಕ್ಟ್ರಮ್ ಎಂಬ ಒಳಾಂಗಣ ಕ್ರೀಡಾಂಗಣಕ್ಕೆ ಕರೆದೊಯ್ದರು. ಬ್ಯಾಸ್ಕೆಟ್‌ಬಾಲ್ ಬಗ್ಗೆ ನನಗಿದ್ದ ತಿಳಿವಳಿಕೆ, ಧಾರವಾಡದಲ್ಲಿ ಎಂ.ಎ. ಓದುವಾಗ ಹಾಸ್ಟೆಲ್ ಪಕ್ಕದ ಅಂಕಣದಲ್ಲಿ ಕಂಡಷ್ಟು ಮಾತ್ರ. ಪಂದ್ಯ ಅರ್ಧ ಮುಗಿದಿರಬೇಕು, ಬೆಂಚಿನ ಮೇಲಿದ್ದ ಆಟಗಾರರೊಬ್ಬರು ಎದ್ದು ನಿಂತರು. ಮಡಚಿಟ್ಟ ಏಣಿಯನ್ನು ಬಿಡಿಸಿ ನಿಲ್ಲಿಸಿದಂತೆ ಅವರು ಹಂತಹಂತವಾಗಿ ಎದ್ದರು. ಎತ್ತರ ಏಳು ಅಡಿ ಏಳು ಅಂಗುಲ. ತೂಕ ನೂರು ಕಿಲೋ ಸಹ ಇಲ್ಲ. ಇಡೀ ಸಭಾಂಗಣ ಒಮ್ಮೆಲೇ ಹರ್ಷೋದ್ಗಾರ ಮಾಡಿತು. ಅವರು ಬುಟ್ಟಿಯಿಂದ ಬಹು ದೂರದಲ್ಲಿದ್ದಾಗ ಚೆಂಡು ಕೈಗೆ ಬಂದರೆ ಸಾಕು, ಎಸೆಯಿರಿ ಎಸೆಯಿರಿ ಎಂದು ಸಾವಿರಾರು ಜನ ಒಂದೇ ದನಿಯಲ್ಲಿ ಕೂಗುತ್ತಿದ್ದರು. ಆ ಕೂಗಿನಲ್ಲಿ ಪ್ರೀತಿ ಇತ್ತು. ನಗೆಯೂ ಇತ್ತು. ಎರಡರಲ್ಲಿ ಯಾವುದರ ಪಾಲು ಹೆಚ್ಚು ಎಂಬುದು ನನಗೆ ಆ ದಿನ ತಿಳಿಯಲಿಲ್ಲ. ಆ ಆಟಗಾರನ ಹೆಸರು ಮನೂಟ್ ಬೋಲ್. ಸುಡಾನ್ ದೇಶದ ದಕ್ಷಿಣ ಭಾಗದವರು, ಡಿಂಕಾ ಎಂಬ ದನಗಾಹಿ ಜನಾಂಗಕ್ಕೆ ಸೇರಿದವರು.

ಆ ನಗೆ ನನಗೆ ಇರುಸುಮುರುಸು ಉಂಟುಮಾಡಲು ಕಾರಣವಿತ್ತು. ಬೀಳಗಿ ತಾಲ್ಲೂಕಿನ ಅನಗವಾಡಿ ನನ್ನ ಊರು; ಘಟಪ್ರಭಾ ನದಿಯ ದಂಡೆಯ ಮೇಲಿದೆ, ಬಾಗಲಕೋಟೆಯಿಂದ ವಿಜಯಪುರಕ್ಕೆ ಹೋಗುವವರು ಅಲ್ಲಿಯ ಸೇತುವೆಯನ್ನು ಬಲ್ಲರು. ನಾನು ಹುಡುಗನಾಗಿದ್ದಾಗ ನಮ್ಮೂರಲ್ಲಿ ಆರೂವರೆ ಅಡಿಗೂ ಮಿಕ್ಕ ಒಬ್ಬ ಆಳುಮಗನಿದ್ದ. ಜಾತ್ರೆಯಲ್ಲಿ ತೋರಣ ಕಟ್ಟಲು, ಬೇವಿನ ಮರದಲ್ಲಿ ಸಿಕ್ಕ ಗಾಳಿಪಟ ಬಿಡಿಸಲು, ಮೇಲ್ಮುದ್ದೆಯ ಮೇಲಿಂದ ಹೊಟ್ಟಿನ ಚೀಲ ಇಳಿಸಲು ಎಲ್ಲರಿಗೂ ಅವನು ಬೇಕು. ಕೆಲಸವಾದ ಮೇಲೆ ಅವನನ್ನು ಕುರಿತು ಒಂದು ಚೇಷ್ಟೆಯ ಮಾತನ್ನಾಡಿ ನಗದೆ ಯಾರೂ ಕಳುಹಿಸಿದವರಲ್ಲ. ಅವನೂ ನಗುತ್ತಿದ್ದ. ಕೂಲಿ ಮಾತ್ರ ಎಲ್ಲರಿಗೆ ಕೊಟ್ಟಷ್ಟೇ. ಎತ್ತರ ಎಂಬುದು ಬಡವನ ಪಾಲಿಗೆ ಬಂದಾಗ ಅದೊಂದು ಪುಕ್ಕಟೆ ಮನರಂಜನೆಯಾಗುತ್ತದೆ. ಅದಕ್ಕೊಂದು ಮಾರುಕಟ್ಟೆ ಇದ್ದರೆ ಏನಾಗುತ್ತದೆ, ಆ ಮಾರುಕಟ್ಟೆಯಲ್ಲಿ ನಿಂತ ಮನುಷ್ಯ ತನ್ನ ಬೆಲೆಯನ್ನು ಏನು ಮಾಡುತ್ತಾನೆ ಎಂಬುದಕ್ಕೆ ಬೋಲ್ ಅವರ ಬದುಕು ಒಂದು ಉತ್ತರ. ಅಂದಿನಿಂದ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ.

ದಾಖಲೆಗಳ ಪ್ರಕಾರ ಅವರು ಹುಟ್ಟಿದ್ದು 1962ರ ಅಕ್ಟೋಬರ್ 16ರಂದು. ಈ ದಿನಾಂಕವನ್ನು ಕಲ್ಪಿಸಿ ಬರೆಸಿದ್ದು ತಾನೇ ಎಂದು ಅಮೆರಿಕದ ತರಬೇತುದಾರರೊಬ್ಬರು ಬಹಳ ವರ್ಷಗಳ ಬಳಿಕ ಹೇಳಿಕೊಂಡರು. ನಿಜವಾದ ವಯಸ್ಸು ಇನ್ನೂ ಹೆಚ್ಚಿರಬಹುದು. ಇದನ್ನು ಓದಿ ಪಾಶ್ಚಾತ್ಯರು ಬೆರಗಾದರು. ನನಗೇನೂ ಬೆರಗಾಗಲಿಲ್ಲ. ನನ್ನ ಓರಗೆಯ ಅನಗವಾಡಿಯ ಹುಡುಗರಲ್ಲಿ ಅರ್ಧಕ್ಕರ್ಧ ಜನ ಜೂನ್ 1ರಂದೇ ಹುಟ್ಟಿದವರು, ನಾನೂ ಸೇರಿದಂತೆ. ಶಾಲೆಗೆ ಹೆಸರು ಹಚ್ಚುವ ದಿನ ಮಾಸ್ತರರು ಬರೆದದ್ದೇ ನಮ್ಮ ಜನ್ಮದಿನ. ಆ ದಿನಾಂಕದ ಆಧಾರದ ಮೇಲೆಯೇ ನಾನು ನೌಕರಿಗೆ ಸೇರಿ, ಅದರ ಆಧಾರದ ಮೇಲೆಯೇ ನಿವೃತ್ತನಾದೆ.

ಬಹರ್ ಎಲ್ ಗಜಲ್ ಪ್ರಾಂತ್ಯದ ತುರಲೇ, ಗೊಗ್ರಿಯಾಲ್ ಸುತ್ತಿನ ಹುಲ್ಲುಗಾವಲುಗಳಲ್ಲಿ ಬೋಲ್ ಬೆಳೆದರು. ಮನೂಟ್ ಎಂದರೆ ವಿಶೇಷ ವರ ಎಂದು ಅರ್ಥವಂತೆ. ತಂದೆ ಊರಿನ ಹಿರಿಯರಲ್ಲೊಬ್ಬರು, ಆರು ಅಡಿ ಎಂಟು ಅಂಗುಲದವರು. ತಾಯಿ ಅವರಿಗಿಂತಲೂ ಎರಡು ಅಂಗುಲ ಎತ್ತರ. ಡಿಂಕಾ ಜನರ ಬದುಕು ದನದ ಸುತ್ತ ಹೆಣೆದದ್ದು. ಮದುವೆಗೆ ತೆರವಾಗಿ ಕೊಡುವುದು ದನ, ಜಗಳ ತೀರಿಸಲು ದಂಡವಾಗಿ ತೆರುವುದು ದನ. ಪ್ರಾಯಕ್ಕೆ ಬಂದ ಹುಡುಗನಿಗೆ ತನ್ನದೇ ಆದ ಒಂದು ಎತ್ತು ಸಿಗುತ್ತದೆ. ಅದರ ಬಣ್ಣದಿಂದ ಅವನಿಗೊಂದು ಹೆಸರೂ ಬರುತ್ತದೆ. ಅದನ್ನು ಹೊಗಳಿ ಅವನು ಹಾಡು ಕಟ್ಟುತ್ತಾನೆ. ಕಾರಹುಣ್ಣಿಮೆಯ ದಿನ ಎತ್ತಿನ ಕೋಡಿಗೆ ಬಣ್ಣ ಬಳಿದು ಕರಿ ಹರಿಯುವ ನಮ್ಮ ಕಡೆಯ ಒಕ್ಕಲಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರ ಊಟವೂ ಜೋಳವೇ. ರೂಢಿಯಂತೆ ಬೋಲ್ ಅವರ ಕೆಳದವಡೆಯ ಮುಂದಿನ ಹಲ್ಲುಗಳನ್ನು ಕಿತ್ತಿದ್ದರು, ಹಣೆಯ ಮೇಲೆ ಕುಲದ ಗೆರೆಗಳನ್ನು ಕೊರೆದಿದ್ದರು. ದನ ಕಾಯುವ ಕಾಲದಲ್ಲಿ ಈಟಿಯಿಂದ ಸಿಂಹವೊಂದನ್ನು ಕೊಂದ ಕತೆಯನ್ನು ಅವರು ಮುಂದೆ ಪತ್ರಕರ್ತರಿಗೆ ಹೇಳುತ್ತಿದ್ದರು. ಆ ಸಿಂಹ ಮಲಗಿತ್ತು ಎಂಬುದನ್ನೂ ತಾವೇ ಸೇರಿಸುತ್ತಿದ್ದರು. ಹಾಗಾಗಿ ಕತೆಯನ್ನು ನಂಬಲು ನನಗೆ ಅಡ್ಡಿಯಿಲ್ಲ.

ಮೊದಲು ಆಡಿದ್ದು ಫುಟ್‌ಬಾಲ್. ಎತ್ತರ ಅದಕ್ಕೆ ಒಗ್ಗದೆ ಹದಿಹರೆಯದ ಕೊನೆಯಲ್ಲಿ ಬ್ಯಾಸ್ಕೆಟ್‌ಬಾಲ್ ಹಿಡಿದರು. ಮೊದಮೊದಲು ಚೆಂಡನ್ನು ಬುಟ್ಟಿಗೆ ತುರುಕಲು ಹಾರಿದಾಗ ಬಳೆಗೆ ಬಾಯಿ ಬಡಿದು ಉಳಿದ ಹಲ್ಲುಗಳಲ್ಲೂ ಕೆಲವು ಮುರಿದವು. ವಾವ್ ಪಟ್ಟಣದಲ್ಲಿ, ನಂತರ ರಾಜಧಾನಿ ಖಾರ್ಟೂಮ್‌ನಲ್ಲಿ ಆಡಿದರು. ಅರಬ್ಬೀ ಮಾತಾಡುವ ಉತ್ತರದವರ ನಡುವೆ ದಕ್ಷಿಣದ ಕಪ್ಪು ದನಗಾಹಿಗೆ ಸಿಗುವ ಮರ್ಯಾದೆ ಎಷ್ಟೆಂಬುದನ್ನು ಅಲ್ಲಿಯೇ ಕಂಡರು. 1982ರಲ್ಲಿ ಸುಡಾನ್ ತಂಡಕ್ಕೆ ತರಬೇತಿ ಕೊಡಲು ಬಂದಿದ್ದ ಡಾನ್ ಫೀಲಿ ಎಂಬ ಅಮೆರಿಕನ್ನರು ಅವರನ್ನು ಅಮೆರಿಕಕ್ಕೆ ಹೊರಡಿಸಿದರು. 1983ರಲ್ಲಿ ಸ್ಯಾನ್ ಡಿಯಾಗೊ ತಂಡ ಅವರನ್ನು ಆರಿಸಿತಾದರೂ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಸಂಘ, ಅಂದರೆ ಎನ್‌ಬಿಎ, ಒಪ್ಪಲಿಲ್ಲ. ಪಾಸ್‌ಪೋರ್ಟಿನಲ್ಲಿ ವಯಸ್ಸು ಹತ್ತೊಂಬತ್ತು ಎಂದಿತ್ತು, ಎತ್ತರ ಐದು ಅಡಿ ಎರಡು ಅಂಗುಲ ಎಂದಿತ್ತು. ಅಳೆಯುವಾಗ ತಾನು ಕುಳಿತಿದ್ದೆ ಎಂಬುದು ಬೋಲ್ ಕೊಟ್ಟ ಸಮಜಾಯಿಷಿ. ನಾಲ್ಕು ದಶಕಗಳ ಕಾಲ ಸರ್ಕಾರಿ ಪ್ರಮಾಣಪತ್ರಗಳ ನಡುವೆ ಕಳೆದ ನಾನು ಇದನ್ನು ಅಕ್ಷರಶಃ ನಂಬುತ್ತೇನೆ. ನಮೂನೆಯಲ್ಲಿ ಎತ್ತರ ಎಂಬ ಖಾನೆ ತುಂಬಬೇಕು ಎಂದಿರುತ್ತದೆ. ನಿಲ್ಲಿಸಿ ಅಳೆಯಬೇಕು ಎಂದು ಬರೆದಿರುವುದಿಲ್ಲ.

ಇಂಗ್ಲಿಷ್ ಕಲಿಯುತ್ತ ಒಂದಷ್ಟು ಕಾಲ ಕ್ಲೀವ್‌ಲ್ಯಾಂಡ್‌ನಲ್ಲಿ ಕಳೆದು, 1984–85ರಲ್ಲಿ ಬ್ರಿಜ್‌ಪೋರ್ಟ್ ವಿಶ್ವವಿದ್ಯಾಲಯದ ಪರವಾಗಿ ಆಡಿದರು. ಪಂದ್ಯವೊಂದಕ್ಕೆ ಸರಾಸರಿ 22.5 ಅಂಕ ಗಳಿಸಿ, 7.1 ಬಾರಿ ಎದುರಾಳಿಯ ಎಸೆತ ತಡೆದರು. ಮುಂದಿನ ವರ್ಷ ವಾಷಿಂಗ್ಟನ್ ತಂಡ ಅವರನ್ನು ತೆಗೆದುಕೊಂಡಿತು. ಮೊದಲ ವರ್ಷವೇ 397 ಬಾರಿ ಎಸೆತ ತಡೆದದ್ದು ಹೊಸಬರ ಮಟ್ಟಿಗೆ ಇಂದಿಗೂ ದಾಖಲೆ. ಒಂದೇ ಪಂದ್ಯದಲ್ಲಿ ಹದಿನೈದು ಬಾರಿ ತಡೆದದ್ದು ಎರಡು ಸಲ.

ಈ ತಡೆಯುವಿಕೆ ಎಂದರೇನು ಎಂದು ಒಂದಿಷ್ಟು ಹೇಳಬೇಕು. ಬುಟ್ಟಿಯ ಬಳೆ ನೆಲದಿಂದ ಹತ್ತು ಅಡಿ ಮೇಲಿರುತ್ತದೆ. ಬೋಲ್ ಅವರ ಎರಡೂ ತೋಳು ಚಾಚಿದರೆ ಎಂಟೂವರೆ ಅಡಿ. ಕೈ ಮೇಲೆತ್ತಿದರೆ ಹಾರದೆಯೇ ಬಳೆ ಸಿಗುತ್ತಿತ್ತು. ಆದರೆ ಬುಟ್ಟಿಯ ಬಾಯಿಗೆ ಅಂಗೈ ಅಡ್ಡ ಹಿಡಿದು ನಿಲ್ಲಲು ಆಟದ ನಿಯಮ ಬಿಡುವುದಿಲ್ಲ. ಎಸೆದ ಚೆಂಡು ಮೇಲಕ್ಕೇರುತ್ತಿರುವಾಗ ಮಾತ್ರ ಅದನ್ನು ಹೊಡೆಯಬಹುದು. ಇಳಿಯತೊಡಗಿದ ಮೇಲೆ ಮುಟ್ಟಿದರೆ ಅಂಕ ಎದುರಾಳಿಗೇ ಸಲ್ಲುತ್ತದೆ. ಎಂದರೆ ಬರೀ ಎತ್ತರ ಸಾಲದು. ಎಸೆಯುವವನ ಮೊಣಕೈ ಯಾವ ಕ್ಷಣದಲ್ಲಿ ಮೇಲೇಳುತ್ತದೆ ಎಂಬುದನ್ನು ಕಣ್ಣು ಹಿಡಿಯಬೇಕು. ಆ ಕಣ್ಣು ಬೋಲ್ ಅವರಿಗಿತ್ತು. ಅವರಷ್ಟೇ ಎತ್ತರದ ಬೇರೆಯವರು ಬಂದು ಹೋಗಿದ್ದಾರೆ, ಈ ವಿದ್ಯೆ ಅವರಲ್ಲಿ ಇಷ್ಟಿರಲಿಲ್ಲ. ಪ್ರೇಕ್ಷಕರು ನೋಡಿದ್ದು ಎತ್ತರವನ್ನು. ಈ ಕಣ್ಣನ್ನು ನೋಡಿದವರು ಕಡಿಮೆ.

ಎನ್‌ಬಿಎಯಲ್ಲಿ ಒಟ್ಟು 624 ಪಂದ್ಯ ಆಡಿದ ಅವರು ಗಳಿಸಿದ ಅಂಕ 1,599. ತಡೆದ ಎಸೆತ 2,086. ಗಳಿಸಿದ್ದಕ್ಕಿಂತ ತಡೆದದ್ದೇ ಹೆಚ್ಚಿರುವ ಆಟಗಾರ ಆ ಸಂಘದ ಚರಿತ್ರೆಯಲ್ಲಿ ಇವರೊಬ್ಬರೇ. ಈ ಲೆಕ್ಕವನ್ನು ನಾನು ಹಲವು ಬಾರಿ ತಿರುಗಿಸಿ ನೋಡಿದ್ದೇನೆ. ಜಮಾಖರ್ಚಿನ ಪುಸ್ತಕದಲ್ಲಿ ತಡೆದದ್ದಕ್ಕೆ ಕಾಲಂ ಇರುವುದಿಲ್ಲ. ಆಗದೇ ಹೋದ ನಷ್ಟವನ್ನು ಯಾವ ಲೆಕ್ಕಪರಿಶೋಧಕರೂ ಜಮೆಗೆ ಹಿಡಿದದ್ದನ್ನು ನಾನು ಕಂಡಿಲ್ಲ.

1987–88ರಲ್ಲಿ ವಾಷಿಂಗ್ಟನ್ ತಂಡ ಐದು ಅಡಿ ಮೂರು ಅಂಗುಲದ ಮಗ್ಸಿ ಬೋಗ್ಸ್ ಅವರನ್ನೂ ಸೇರಿಸಿಕೊಂಡಿತು. ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ತೆಗೆದ ಚಿತ್ರಗಳು ಜಗತ್ತನ್ನೆಲ್ಲ ಸುತ್ತಿದವು. ಇಪ್ಪತ್ತೆಂಟು ಅಂಗುಲದ ಆ ಅಂತರ ಟಿಕೆಟ್ ಮಾರಿತು. ಮರುವರ್ಷ ಬೋಲ್ ಕ್ಯಾಲಿಫೋರ್ನಿಯಾದ ಗೋಲ್ಡನ್ ಸ್ಟೇಟ್ ತಂಡಕ್ಕೆ ಹೋದರು. ಅಲ್ಲಿನ ತರಬೇತುದಾರ ಡಾನ್ ನೆಲ್ಸನ್ ಈ ನೀಳಕಾಯರನ್ನು ಮೂರಂಕದ ಗೆರೆಯಾಚೆ ನಿಂತು ಚೆಂಡೆಸೆಯಲು ಹುರಿದುಂಬಿಸಿದರು. ಆ ವರ್ಷ 91 ಬಾರಿ ಎಸೆದು 20 ಬಾರಿ ಗುರಿ ಮುಟ್ಟಿಸಿದರು. ಎಸೆತ ತಡೆಯುವುದರಲ್ಲಂತೂ 345ರ ಲೆಕ್ಕದೊಂದಿಗೆ ಇಡೀ ಎನ್‌ಬಿಎಗೆ ಮೊದಲಿಗರು. ಫಿಲಡೆಲ್ಫಿಯಾದ ಜನ ಕೂಗುತ್ತಿದ್ದದ್ದು ಈ ಮೂರಂಕದ ಎಸೆತಕ್ಕೆ. ನಾನು ಹೋದ ದಿನ ಅದು ಬೀಳಲಿಲ್ಲ. ಅದೇ ವರ್ಷದ ಮಾರ್ಚ್ 3ರಂದು, ಫೀನಿಕ್ಸ್ ತಂಡದೆದುರು, ಪಂದ್ಯದ ಉತ್ತರಾರ್ಧವೊಂದರಲ್ಲೇ ಹನ್ನೆರಡು ಎಸೆದು ಆರನ್ನು ಬುಟ್ಟಿಗೆ ಹಾಕಿದರೆಂದು ಪತ್ರಿಕೆಯಲ್ಲಿ ಓದಿ, ಪರದೇಶದ ಆ ಕೋಣೆಯಲ್ಲಿ ಒಬ್ಬನೇ ಕುಳಿತು ನಕ್ಕೆ. ಆಗ ನಾನೂ ನಕ್ಕವರಲ್ಲಿ ಒಬ್ಬ ಎಂಬುದನ್ನು ಒಪ್ಪಿಕೊಳ್ಳಬೇಕು.

ಇದು ಅಮೆರಿಕಕ್ಕೆ ಕಂಡ ಬೋಲ್. ಕಾಣದ ಬದುಕೊಂದು ಇದರ ಜೊತೆಜೊತೆಗೇ ನಡೆದಿತ್ತು. ಅವರು ಅಮೆರಿಕಕ್ಕೆ ಹೋದ 1983ರಲ್ಲೇ ಸುಡಾನಿನ ಎರಡನೆಯ ಅಂತರ್ಯುದ್ಧ ಭುಗಿಲೆದ್ದಿತು. ಖಾರ್ಟೂಮ್ ಸರ್ಕಾರ ಷರೀಯತ್ ಕಾನೂನನ್ನು ದೇಶವಿಡೀ ಹೇರಿದ್ದೂ ಆ ವರ್ಷವೇ. ದಕ್ಷಿಣದವರು ಬಂಡೆದ್ದು ಜನ ವಿಮೋಚನಾ ಸೇನೆ ಕಟ್ಟಿದರು. ಸರ್ಕಾರ ನೆರೆಯ ಬುಡಕಟ್ಟುಗಳ ಸವಾರರ ಕೈಗೆ ಬಂದೂಕು ಕೊಟ್ಟು ಡಿಂಕಾ ಹಳ್ಳಿಗಳ ಮೇಲೆ ಬಿಟ್ಟಿತು. ಅವರು ಜೋಳ ಸುಟ್ಟರು, ದನ ಹೊಡೆದುಕೊಂಡು ಹೋದರು, ಮಕ್ಕಳು ಹೆಂಗಸರನ್ನು ಒಯ್ದರು. 1988ರಲ್ಲಿ ಬಹರ್ ಎಲ್ ಗಜಲ್ ಸೀಮೆ ಕ್ಷಾಮಕ್ಕೆ ತುತ್ತಾಯಿತು. ಸತ್ತವರು ಎರಡೂವರೆ ಲಕ್ಷ ಎಂಬ ಅಂದಾಜಿದೆ. ಡೇವಿಡ್ ಕೀನ್ ಎಂಬ ವಿದ್ವಾಂಸರು ಈ ಕ್ಷಾಮವನ್ನೇ ಅಧ್ಯಯನ ಮಾಡಿ 1994ರಲ್ಲಿ ಪುಸ್ತಕ ಬರೆದರು. ಕ್ಷಾಮದಲ್ಲಿ ಸೋಲುವವರು ಮಾತ್ರವಲ್ಲ, ಗೆಲ್ಲುವವರೂ ಇರುತ್ತಾರೆ ಎಂಬುದು ಅವರ ವಾದ. ಜೋಳದ ಬೆಲೆ ಏರುತ್ತ, ದನದ ಬೆಲೆ ಇಳಿಯುತ್ತ ಹೋದಂತೆ ನಡುವೆ ನಿಂತ ವ್ಯಾಪಾರಿಗಳು, ಅಧಿಕಾರಿಗಳು, ಸೈನಿಕರು ಬಲಿತರು.

ಈ ಲೆಕ್ಕ ಅರ್ಥವಾಗಲು ನನಗೆ ಪುಸ್ತಕ ಬೇಕಾಗಿರಲಿಲ್ಲ. 1972ರ ಬರಗಾಲ ವಿಜಯಪುರ ಜಿಲ್ಲೆಯನ್ನು, ಅದರೊಳಗಿದ್ದ ನಮ್ಮ ಬೀಳಗಿ ಸೀಮೆಯನ್ನು ಹಿಂಡಿದಾಗ ನನಗೆ ಹದಿನಾಲ್ಕು. ಮೇವಿಲ್ಲದೆ ಮನೆಯ ಜೋಡೆತ್ತನ್ನು ಅಪ್ಪ ಸಂತೆಗೆ ಹೊಡೆದುಕೊಂಡು ಹೋದರು. ನಾನೂ ಹಿಂದೆ ಹೋದೆ. ಸಂತೆಯಲ್ಲಿ ಮಾರುವವರೇ ಎಲ್ಲ, ಕೊಳ್ಳುವವರು ಬೆರಳೆಣಿಕೆ. ಎತ್ತು ಕೊಟ್ಟು ತಂದ ಹಣಕ್ಕೆ ಬಂದ ಜೋಳವನ್ನು ಅಪ್ಪ ಒಬ್ಬರೇ ಹೊತ್ತು ತಂದರು. ಆದರೂ ನಾವು ಸಾಯಲಿಲ್ಲ. ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದರೆ ಕೂಲಿ ಸಿಗುತ್ತಿತ್ತು, ಪತ್ರಿಕೆಗಳು ಬರೆಯುತ್ತಿದ್ದವು, ಶಾಸಕರು ಸದನದಲ್ಲಿ ಕೂಗುತ್ತಿದ್ದರು. ಕ್ಷಾಮಕ್ಕೂ ಬರಕ್ಕೂ ಇರುವ ವ್ಯತ್ಯಾಸ ಇದೇ ಎಂದು ಅಮರ್ತ್ಯ ಸೇನ್ ಆಮೇಲೆ ಜಗತ್ತಿಗೆ ತೋರಿಸಿಕೊಟ್ಟರು. ತುರಲೇಯ ಜನರಿಗೆ ಕಾಮಗಾರಿ ಇರಲಿಲ್ಲ, ಪತ್ರಿಕೆ ಇರಲಿಲ್ಲ, ಸದನ ಇರಲಿಲ್ಲ. ಅವರಿಗಿದ್ದದ್ದು ಅಮೆರಿಕದಲ್ಲಿ ಚೆಂಡಾಡುತ್ತಿದ್ದ ಒಬ್ಬ ಉದ್ದನೆಯ ಮನುಷ್ಯ.

ಆ ಮನುಷ್ಯ ತನ್ನ ಗಳಿಕೆಯ ಬಹುಪಾಲನ್ನು, ಸುಮಾರು 35 ಲಕ್ಷ ಡಾಲರ್ ಎಂದು ಅಂದಾಜು, ಆ ನೆಲಕ್ಕೆ ಸುರಿದರು. ನಿರಾಶ್ರಿತರ ಶಿಬಿರಗಳಿಗೆ ಹೋದರು, ಅಮೆರಿಕದ ಸಂಸತ್ ಸದಸ್ಯರ ಬಾಗಿಲಿಗೆ ಹೋದರು. ಯುದ್ಧದಲ್ಲಿ ಅವರು ಕಳೆದುಕೊಂಡ ಬಂಧುಬಳಗದವರ ಸಂಖ್ಯೆ ಇನ್ನೂರೈವತ್ತು ಎಂದು ಹೇಳುತ್ತಿದ್ದರು. ಕೊಟ್ಟ ಹಣದ ಒಂದು ಪಾಲು ಬಂಡುಕೋರರ ಸೇನೆಗೂ ಹೋಯಿತು. ಹಣಕಾಸಿನ ಕಡತ ನೋಡಿ ಬೆಳೆದ ನನ್ನಂಥವನಿಗೆ ಇಲ್ಲಿ ಕಸಿವಿಸಿಯಾಗುತ್ತದೆ. ರಸೀದಿ ಇಲ್ಲದ, ತಪಾಸಣೆ ಇಲ್ಲದ ದಾನ. ಪಡೆದ ಸೇನಾನಾಯಕರು ಮುಂದೆ ತಮ್ಮತಮ್ಮಲ್ಲೇ ಕಾದಾಡಿದರು. ಮುಪ್ಪಿಗೆಂದು ಏನನ್ನೂ ಇಟ್ಟುಕೊಳ್ಳದ್ದು ಜಾಣತನವಲ್ಲ ಎಂದು ಯಾವ ಹಿತೈಷಿಯೂ ಹೇಳಿಯಾನು. ನಾನೂ ಬಹುಕಾಲ ಹಾಗೆಯೇ ಅಂದುಕೊಂಡಿದ್ದೆ. ಆದರೆ ಹಟ್ಟಿಗೆ ಬೆಂಕಿ ಬಿದ್ದಾಗ ಕೊಡದ ನೀರಿಗೆ ಲೆಕ್ಕ ಕೇಳುವವನು ಹಟ್ಟಿಯವನಾಗಿರುವುದಿಲ್ಲ. ಈ ಮಾತು ಹೊಳೆಯಲು ನನಗೆ ನಿವೃತ್ತಿಯವರೆಗೆ ಕಾಯಬೇಕಾಯಿತು.

ಸಂಧಿವಾತದಿಂದ ಕೈಕಾಲು ಬಿಗಿಯುತ್ತ ಬಂದು, 1994ರ ಕೊನೆಯ ಹೊತ್ತಿಗೆ ಎನ್‌ಬಿಎ ಮುಗಿಯಿತು. ಇಟಲಿಯಲ್ಲಿ, ಕತಾರ್‌ನಲ್ಲಿ ಅಷ್ಟಿಷ್ಟು ಆಡಿದರು. ಮೊದಲ ಮದುವೆ ಮುರಿಯಿತು. 1997ರಲ್ಲಿ ಖಾರ್ಟೂಮ್ ಸರ್ಕಾರ ದಕ್ಷಿಣದ ಕೆಲವು ಬಣಗಳೊಡನೆ ಶಾಂತಿ ಒಪ್ಪಂದ ಮಾಡಿಕೊಂಡಿತು. ಅದನ್ನು ನಂಬಿ ರಾಜಧಾನಿಗೆ ಮರಳಿದವರಲ್ಲಿ ಬೋಲ್ ಸಹ ಒಬ್ಬರು. ಆ ಶಾಂತಿ ಬಾಳಲಿಲ್ಲ. ಕ್ರೀಡಾ ಸಚಿವರನ್ನಾಗಿ ಮಾಡುವುದಾಗಿ ಹೇಳಿ, ಅದಕ್ಕಾಗಿ ಇಸ್ಲಾಂ ಸ್ವೀಕರಿಸಬೇಕೆಂಬ ಷರತ್ತು ಒಡ್ಡಿದರು, ತಾನು ಒಲ್ಲೆ ಎಂದೆ ಎಂದು ಅವರು ಆಮೇಲೆ ತಿಳಿಸಿದರು. ಬಂಡುಕೋರರಿಗೆ ನೆರವಾದವನೆಂಬ ಗುಮಾನಿ ಬೆನ್ನಿಗಿತ್ತು. ದೇಶ ಬಿಡಲು ಅನುಮತಿ ಸುಲಭವಾಗಿ ಸಿಗಲಿಲ್ಲ. ಮನೆಯ ಸಾಮಾನು ಮಾರಿ ಸಂಸಾರ ನಡೆಸಿದರು. ಒಂದು ಕಾಲಕ್ಕೆ ಲಕ್ಷಾಂತರ ಡಾಲರ್ ಸಂಬಳ ಎಣಿಸಿದವರು ಹಾಸಿಗೆ, ಕುರ್ಚಿ ಮಾರುವ ಸ್ಥಿತಿಗೆ ಬಂದರು. ಕೊನೆಗೆ ಕೈರೋ ಸೇರಿ, 2002ರಲ್ಲಿ ನಿರಾಶ್ರಿತರಾಗಿ ಅಮೆರಿಕಕ್ಕೆ ಹೋದರು. ಮೊದಲ ಸಲ ಅಲ್ಲಿಗೆ ಹೋದಾಗ ಅವರೊಂದು ಕುತೂಹಲದ ವಸ್ತು. ಎರಡನೆಯ ಸಲ ಒಬ್ಬ ಅಗತಿಕ.

ಆ ಹೊತ್ತಿನಲ್ಲಿ ಅವರ ಕೈಯಲ್ಲಿ ಮಾರಲು ಉಳಿದಿದ್ದದ್ದು ಒಂದೇ ಸರಕು, ತಮ್ಮ ಎತ್ತರ. ನಗುವವರಿಗೆ ಅದನ್ನು ತಿಳಿದೇ ಮಾರಿದರು. ಆ ವರ್ಷವೇ ದೂರದರ್ಶನದ ತಮಾಷೆಯ ಕುಸ್ತಿಯಂಥ ಒಂದು ಮುಷ್ಟಿಕಾಳಗದಲ್ಲಿ, ಭಾರೀ ಮೈಕಟ್ಟಿನ ಮಾಜಿ ಫುಟ್‌ಬಾಲ್ ಆಟಗಾರ ವಿಲಿಯಂ ಪೆರ್ರಿ ಎದುರು ಸೆಣಸಿ ಗೆದ್ದರು. ಸ್ಕೇಟ್ ಮಾಡಲು ಬಾರದಿದ್ದರೂ ಇಂಡಿಯಾನಾಪೊಲಿಸ್‌ನ ಐಸ್ ಹಾಕಿ ತಂಡವೊಂದರ ಅಂಗಿ ತೊಟ್ಟು ಒಂದು ರಾತ್ರಿ ಕುಳಿತರು. ಜಾಕಿಯ ವೇಷ ತೊಟ್ಟು ಕುದುರೆ ಪಂದ್ಯದ ಮೈದಾನದಲ್ಲೂ ಕಾಣಿಸಿಕೊಂಡರು. ಬಂದ ಹಣ ಸುಡಾನಿನ ಮಕ್ಕಳಿಗೆಂದು ಕಟ್ಟಿದ ನಿಧಿಗೆ. ಅಮೆರಿಕದ ಹಲವರು ಇದನ್ನು ಅಧಃಪತನ ಎಂದು ಬರೆದು ಮರುಗಿದರು. ನನಗೆ ಅದು ಅಧಃಪತನ ಎನ್ನಿಸಿಲ್ಲ. ನಮ್ಮೂರ ಆಳುಮಗ ಪುಕ್ಕಟೆಯಾಗಿ ಕೊಟ್ಟದ್ದನ್ನು ಈ ಮನುಷ್ಯ ದರ ಕಟ್ಟಿ ಮಾರಿದರು. ಬಂದ ಹಣವನ್ನು ಹಸಿದವರಿಗೆ ಕೊಟ್ಟರು. ನಕ್ಕವರು ತಿಳಿಯದೆಯೇ ಚಂದಾ ಕೊಟ್ಟಂತಾಯಿತು.

2004ರ ಬೇಸಗೆಯಲ್ಲಿ ಕನೆಟಿಕಟ್ ರಾಜ್ಯದ ರಸ್ತೆಯಲ್ಲಿ ಅವರಿದ್ದ ಟ್ಯಾಕ್ಸಿ ಅಪಘಾತಕ್ಕೀಡಾಗಿ ಕತ್ತಿನ ಮೂಳೆ ಮುರಿಯಿತು. ತಿಂಗಳುಗಟ್ಟಲೆ ಆಸ್ಪತ್ರೆ. ಎದ್ದವರು ಮತ್ತೆ ಹೊರಟದ್ದು ಊರ ಕಡೆಗೇ. 2005ರಲ್ಲಿ ಯುದ್ಧ ನಿಂತಿತ್ತು. ಸುಡಾನ್ ಸನ್‌ರೈಸ್ ಎಂಬ ಸಂಸ್ಥೆಯೊಡನೆ ಸೇರಿ ತುರಲೇಯಲ್ಲಿ ಶಾಲೆ ಕಟ್ಟಲು ತೊಡಗಿದರು. ಅಂಥ ನಲವತ್ತೊಂದು ಶಾಲೆ ಕಟ್ಟಬೇಕೆಂಬ ಹಂಬಲ ಅವರದು. ಅವರ ಬಾಳಿನ ಅತಿ ಕಠಿಣ ಕೆಲಸ ಇದೇ ಇರಬೇಕು, ಏಕೆಂದರೆ ಆ ಶಾಲೆ ಎಲ್ಲ ಬುಡಕಟ್ಟುಗಳಿಗೂ, ಕ್ರೈಸ್ತರಿಗೂ ಮುಸ್ಲಿಮರಿಗೂ ತೆರೆದಿರಬೇಕು ಎಂದು ಅವರು ಹಟ ಹಿಡಿದರು. ದಕ್ಷಿಣದ ಹಳ್ಳಿಗಳನ್ನು ಸುಟ್ಟ ಸರ್ಕಾರಿ ಸೇನೆಯಲ್ಲಿ ಡಾರ್ಫುರ್ ಸೀಮೆಯ ಮುಸ್ಲಿಮರು ಬಹಳ ಮಂದಿ ಇದ್ದರು. ಈಗ ಅದೇ ಸರ್ಕಾರ ಡಾರ್ಫುರ್ ಮೇಲೆಯೇ ತಿರುಗಿಬಿದ್ದಿತ್ತು. ಇನ್ನೂರೈವತ್ತು ಬಂಧುಗಳನ್ನು ಕಳೆದುಕೊಂಡವರು ಆ ಡಾರ್ಫುರ್ ಜನರ ಪರವಾಗಿ ಮಾತನಾಡಿದರು, ಅವರತ್ತ ಕೈ ಚಾಚಿದರು. ಹಿಂದೆ ಸೇನೆಗೆ ಹಣ ಕೊಟ್ಟ ಕೈಯೇ ಅದು. ಮೊದಲನೆಯದನ್ನು ಮರೆಮಾಚಿ ಎರಡನೆಯದನ್ನು ಮಾತ್ರ ಹೊಗಳುವುದು ನ್ಯಾಯವಲ್ಲ. ಎರಡೂ ಒಬ್ಬರೇ ಮಾಡಿದ್ದು.

2010ರ ಏಪ್ರಿಲ್‌ನಲ್ಲಿ ಸುಡಾನ್ ಚುನಾವಣೆ. ಶಾಲೆಯ ಕೆಲಸಕ್ಕೆಂದು ಹೋಗಿದ್ದ ಬೋಲ್ ಚುನಾವಣೆ ಮುಗಿಯುವವರೆಗೂ ಅಲ್ಲಿಯೇ ಉಳಿದು ಭ್ರಷ್ಟರ ವಿರುದ್ಧ ಪ್ರಚಾರ ಮಾಡಿದರು. ಆರೋಗ್ಯ ಕೆಟ್ಟಿತು. ಅಲ್ಲಿ ತೆಗೆದುಕೊಂಡ ಔಷಧವೊಂದು ಮೈಗೆ ಒಗ್ಗದೆ ಚರ್ಮ ಸುಲಿಯುವ ಸ್ಟೀವನ್ಸ್–ಜಾನ್ಸನ್ ಎಂಬ ವಿರಳ ವ್ಯಾಧಿ ತಗಲಿತು, ಮೂತ್ರಪಿಂಡಗಳೂ ಸೋತವು. ಜೂನ್ 19ರಂದು ವರ್ಜೀನಿಯಾದ ಆಸ್ಪತ್ರೆಯಲ್ಲಿ ತೀರಿಕೊಂಡರು. ಮಾಸ್ತರರ ಲೆಕ್ಕದಲ್ಲಿ, ಅಂದರೆ ಕಾಗದದ ಲೆಕ್ಕದಲ್ಲಿ, ವಯಸ್ಸು ನಲವತ್ತೇಳು. ವಾಷಿಂಗ್ಟನ್‌ನ ದೊಡ್ಡ ಚರ್ಚಿನಲ್ಲಿ ಪ್ರಾರ್ಥನೆ ನಡೆಯಿತು. ದೇಹವನ್ನು ತುರಲೇಗೆ ಒಯ್ದು ಮಣ್ಣು ಮಾಡಿದರು.

ಅವರಿಗೆ ಇನ್ನೊಂದು ವರ್ಷ ಆಯುಷ್ಯವಿದ್ದಿದ್ದರೆ 2011ರ ಜುಲೈ 9ರಂದು ದಕ್ಷಿಣ ಸುಡಾನ್ ಸ್ವತಂತ್ರವಾದದ್ದನ್ನು ನೋಡುತ್ತಿದ್ದರು. ಅದಕ್ಕೆ ಎರಡು ತಿಂಗಳು ಮೊದಲು ಅಬ್ಯೇ ಪಟ್ಟಣದ ಕದನದಿಂದ ಓಡಿಬಂದ ಸಾವಿರಾರು ಜನ ಇದೇ ತುರಲೇಯಲ್ಲಿ ಬೀಡುಬಿಟ್ಟದ್ದನ್ನೂ ನೋಡುತ್ತಿದ್ದರು. ಇನ್ನೂ ಎರಡು ವರ್ಷ ಬದುಕಿದ್ದರೆ 2013ರ ಡಿಸೆಂಬರ್‌ನಲ್ಲಿ ಹೊಸ ದೇಶದ ನಾಯಕರೇ ಪರಸ್ಪರ ಬಂದೂಕು ಎತ್ತಿದ್ದನ್ನು. ಅರ್ಥಶಾಸ್ತ್ರ ಓದಿದವನಾಗಿ ನೋಡಿದರೆ ಆ 35 ಲಕ್ಷ ಡಾಲರಿನ ಪ್ರತಿಫಲ ಏನೆಂದು ತೋರಿಸುವುದು ಕಷ್ಟ. ಖಾರ್ಟೂಮ್‌ನ ಆ ಸಂಕಟದ ದಿನಗಳಲ್ಲಿ, 1999ರಲ್ಲಿ, ಹುಟ್ಟಿದ ಮಗ ಬೋಲ್ ಬೋಲ್ ತಂದೆಯಂತೆಯೇ ಎತ್ತರ ಬೆಳೆದು 2019ರಲ್ಲಿ ಎನ್‌ಬಿಎಗೆ ಆಯ್ಕೆಯಾದರು. ಅದು ರಕ್ತದ ಫಲ, ಹಣದ್ದಲ್ಲ.

ಆದರೆ ಬೋಲ್ ಕೊಟ್ಟದ್ದು ಹಣವನ್ನಷ್ಟೇ ಅಲ್ಲ. 1990ರ ದಶಕದ ಮೊದಲ ವರ್ಷಗಳಲ್ಲಿ, ಅವರಿನ್ನೂ ಎನ್‌ಬಿಎ ಆಟಗಾರರಾಗಿದ್ದಾಗ, ಕೈರೋದಲ್ಲಿ ಯುದ್ಧ ತಪ್ಪಿಸಿಕೊಂಡು ಬಂದ ದಕ್ಷಿಣ ಸುಡಾನಿ ಹುಡುಗರಿಗೆ ಚೆಂಡಾಟ ಹೇಳಿಕೊಡುತ್ತಿದ್ದರು. ಅವರಲ್ಲೊಬ್ಬ ವಾವ್ ಪಟ್ಟಣದಲ್ಲಿ ಹುಟ್ಟಿದ ಲುವಾಲ್ ಡೆಂಗ್. ಆ ಹುಡುಗ ಲಂಡನ್ನಿಗೆ ಹೋಗಿ, ಅಮೆರಿಕಕ್ಕೆ ಹೋಗಿ, ಎನ್‌ಬಿಎಯ ಹೆಸರಾಂತ ಆಟಗಾರನಾಗಿ, ನಿವೃತ್ತನಾದ ಮೇಲೆ ದಕ್ಷಿಣ ಸುಡಾನ್ ಬ್ಯಾಸ್ಕೆಟ್‌ಬಾಲ್ ಒಕ್ಕೂಟದ ಅಧ್ಯಕ್ಷನಾದ. ಶಿಬಿರಗಳಲ್ಲಿ, ಪರದೇಶಗಳಲ್ಲಿ ಬೆಳೆದ ಹುಡುಗರನ್ನು ಹುಡುಕಿ ತಂಡ ಕಟ್ಟಿದ, ತನ್ನ ಕೈಯಿಂದಲೇ ಹಣ ಹಾಕಿದ. ಆ ತಂಡ ಪ್ಯಾರಿಸ್ ಒಲಿಂಪಿಕ್ಸ್‌ಗೆ ಅರ್ಹತೆ ಪಡೆಯಿತು. ಒಲಿಂಪಿಕ್ಸ್‌ಗೆ ಕೆಲವೇ ದಿನ ಮುನ್ನ ಲಂಡನ್ನಿನ ಅಭ್ಯಾಸ ಪಂದ್ಯದಲ್ಲಿ ಅಮೆರಿಕವನ್ನು ಒಂದೇ ಒಂದು ಅಂಕದಿಂದ, 101–100ರಿಂದ, ಗೆಲ್ಲಗೊಟ್ಟಿತು.

2024ರ ಜುಲೈ 28ರಂದು ನಾನು ಅನಗವಾಡಿಯ ಮನೆಯಲ್ಲಿದ್ದೆ. ತಮ್ಮನ ಮಗ ತನ್ನ ಮೊಬೈಲ್ ತಂದು, ದೊಡ್ಡಪ್ಪ, ನೀವು ಹೇಳತಿದ್ರಲ್ಲ ಆ ಉದ್ದನ ಮನಶ್ಯಾನ ದೇಶದವರು ಆಡಾಕತ್ಯಾರ ನೋಡ್ರಿ ಎಂದು ಎದುರು ಹಿಡಿದ. ಫ್ರಾನ್ಸಿನ ಲೀಲ್ ನಗರದಲ್ಲಿ ಪೋರ್ಟೊ ರಿಕೊ ಎದುರು ಪಂದ್ಯ. ಆಟಗಾರರು ಎದೆಯ ಮೇಲೆ ಕೈಯಿಟ್ಟು ಸಾಲಾಗಿ ನಿಂತರು. ರಾಷ್ಟ್ರಗೀತೆ ಶುರುವಾಯಿತು. ಅದು ಅವರದಲ್ಲ, ಸುಡಾನಿನದು. ಯಾವ ದೇಶದ ಸೇನೆ ಅವರ ಹಳ್ಳಿಗಳನ್ನು ಸುಟ್ಟಿತೋ ಆ ದೇಶದ್ದು. ಆಟಗಾರರು ಒಬ್ಬರ ಮುಖ ಒಬ್ಬರು ನೋಡಿದರು, ಸಭಾಂಗಣದಲ್ಲಿ ಗದ್ದಲವೆದ್ದಿತು, ಗೀತೆ ನಿಂತಿತು. ಅವರು ಕದಲದೆ ನಿಂತೇ ಇದ್ದರು. ಕೆಲವು ನಿಮಿಷಗಳ ಬಳಿಕ ಸರಿಯಾದ ಗೀತೆ ಕೇಳಿಬಂದಾಗ ಎದೆಯ ಮೇಲೆ ಮತ್ತೆ ಕೈಯಿಟ್ಟುಕೊಂಡರು. ಆಮೇಲೆ ಆಟ ಆರಂಭವಾಯಿತು. ದಕ್ಷಿಣ ಸುಡಾನ್ 90–79ರಿಂದ ಗೆದ್ದಿತು.